ಇಲಿ ಹೇಳಿದ್ದೆಷ್ಟು, ನಾವು ಹೇಳಿಸಿದ್ದೆಷ್ಟು

“ಇಲಿಗೇ ಹೀಗಾದರೆ ನನ್ನ ಮಗಳ ಗತಿಯೇನು?”

ಎರಡು ತಿಂಗಳ ಹಿಂದೆ ಈ ಪುಟಗಳಲ್ಲಿ ಬಂದ ನನ್ನ ಲೇಖನಕ್ಕೆ ಓದುಗರು ಬರೆದ ಪತ್ರಗಳಲ್ಲಿ ಒಂದರಲ್ಲಿ ಇದ್ದದ್ದು ಈ ಒಂದೇ ಸಾಲು. ಕೆಳಗೆ ಒಬ್ಬ ತಾಯಿಯ ಸಹಿ. ಖಿನ್ನತೆಗೆ ಕೊಡುವ ಮಾತ್ರೆಗಳು, ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ ಇರುವ ಮಕ್ಕಳಿಗೆ ಕೊಡುವ ಉತ್ತೇಜಕಗಳು ಪ್ರಾಣಿಗಳ ಮಿದುಳಿನ ರಸಾಯನವನ್ನು ಹೇಗೆ ಬದಲಿಸುತ್ತವೆ ಎಂದು ಆ ಲೇಖನದಲ್ಲಿ ವಿವರಿಸಿದ್ದೆ. ಉಳಿದ ಪತ್ರಗಳು ಉದ್ದವಾಗಿದ್ದವು, ಖಾರವಾಗಿಯೂ ಇದ್ದವು. ಇಲಿಯ ಮಾತನ್ನು ಮನುಷ್ಯರಿಗೆ ಅನ್ವಯಿಸುವುದೇ ತಪ್ಪು ಎಂದು ಕೆಲವರು. ಅದೇ ಇಲಿಯನ್ನು ಸಾಕ್ಷಿಗೆ ಕರೆದು, ಈ ಮಾತ್ರೆಗಳೆಲ್ಲ ವಿಷ ಎಂದು ತೀರ್ಪು ಕೊಟ್ಟವರು ಕೆಲವರು. ಇಂಥದ್ದನ್ನು ಸಾರ್ವಜನಿಕವಾಗಿ ಬರೆಯಲೇಬಾರದಿತ್ತು ಎಂದು ನೊಂದುಕೊಂಡ ವೈದ್ಯಮಿತ್ರರೂ ಇದ್ದಾರೆ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುತ್ತ, ಬಿಳಿ ಇಲಿಗಳನ್ನು ಕೈಯಲ್ಲಿ ಹಿಡಿದು ಸೂಜಿ ಚುಚ್ಚುತ್ತ ಬಹಳ ವರ್ಷ ಕಳೆದವನು ನಾನು. ಆ ಪ್ರಾಣಿಗಳ ಋಣ ನನ್ನ ಮೇಲಿದೆ. ಅವು ಪ್ರಾಣ ಕೊಟ್ಟು ಹೇಳಿದ್ದನ್ನು ಮುಚ್ಚಿಡಬಾರದು, ಹೇಳದೆ ಇದ್ದದ್ದನ್ನು ಅವುಗಳ ಬಾಯಿಗೆ ತುರುಕಲೂಬಾರದು. ಈ ಉತ್ತರ ಬರೆಯಲು ನನಗಿರುವ ಕಾರಣ ಇದು. ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಅವು ಸರಿಯಾಗಿರುವ ಕಡೆ ಒಪ್ಪಿಕೊಳ್ಳುತ್ತೇನೆ.

1. “ಇಲಿಯ ಮಿದುಳಿನಿಂದ ಮನುಷ್ಯನ ಖಿನ್ನತೆಯ ಬಗ್ಗೆ ಏನು ತಿಳಿದೀತು?”

ಸಾಲದಲ್ಲಿ ಮುಳುಗಿ, ಯಾರಿಗೂ ಮುಖ ತೋರಿಸಲಾಗದೆ, ತನ್ನನ್ನೇ ಹಳಿದುಕೊಳ್ಳುತ್ತ ಕೋಣೆಯಲ್ಲಿ ಕೂತ ಮನುಷ್ಯನ ಖಿನ್ನತೆ ಇಲಿಯಲ್ಲಿಲ್ಲ. ಅದನ್ನು ಹುಡುಕಿಕೊಂಡು ಇಲಿಯ ಬಳಿ ಹೋಗುವುದು ತಪ್ಪು, ಒಪ್ಪಿದೆ. ಆದರೆ ಒಂದು ನರಕೋಶ ಮತ್ತೊಂದಕ್ಕೆ ಸುದ್ದಿ ಮುಟ್ಟಿಸುವ ರೀತಿ ಇಲಿ, ಮೊಲ, ಬೆಕ್ಕು, ಮನುಷ್ಯ ಎಲ್ಲರಲ್ಲೂ ಬಹುಮಟ್ಟಿಗೆ ಒಂದೇ. ಅದೇ ಸೆರೊಟೊನಿನ್, ಅದೇ ಡೋಪಮಿನ್, ಅದೇ ನಾರ್‌ಅಡ್ರಿನಲಿನ್. ಸುದ್ದಿ ಮುಟ್ಟಿದ ಮೇಲೆ ಈ ರಾಸಾಯನಿಕಗಳನ್ನು ನರಕೋಶದೊಳಕ್ಕೆ ಮರಳಿ ಎಳೆದುಕೊಳ್ಳುವ ಪ್ರೋಟೀನುಗಳೂ ಹೆಚ್ಚುಕಡಿಮೆ ಒಂದೇ. ಮಾತ್ರೆ ಕೆಲಸ ಶುರುಮಾಡುವುದು ಈ ಜಾಗದಲ್ಲಿ.

ನಮ್ಮ ನೆಲದ ಗಿಡವೊಂದರ ಕಥೆಯನ್ನೇ ನೋಡಿ. ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಆಗುತ್ತದೆ ಎಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಅದನ್ನು ಕೊಟ್ಟ ಮೊಲಗಳ ಮಿದುಳಿನಲ್ಲಿ ಸೆರೊಟೊನಿನ್ ಬರಿದಾಗುತ್ತದೆ ಎಂದು ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯವರ ತಂಡ ಕಂಡುಕೊಂಡಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರಿಸರ್ಪಿನ್‌ನಿಂದ ಕಿವಿ ಜೋತುಬಿಟ್ಟು ಅಲುಗಾಡದೆ ಕೂತ ಮೊಲಗಳಿಗೆ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಅವು ಎಚ್ಚೆತ್ತು ಓಡಾಡತೊಡಗಿದವು. ಸೆರೊಟೊನಿನ್ ಆಗಿ ಮಾರ್ಪಡುವ ವಸ್ತುವನ್ನು ಕೊಟ್ಟಾಗ ಹೀಗೆ ಏಳಲಿಲ್ಲ. ದೇಹದ ಚಲನೆಗೆ ಡೋಪಮಿನ್ ಬೇಕೇ ಬೇಕು ಎಂಬ ತಿಳಿವಳಿಕೆ ಈ ಮೊಲಗಳಿಂದ ಮೊಳೆಯಿತು. ಮುಂದಿನ ದಶಕದಲ್ಲಿ ಪಾರ್ಕಿನ್ಸನ್ ರೋಗಿಗಳ ಮರಗಟ್ಟಿದ ಕೈಕಾಲು ಆಡಿಸಿದ ಎಲ್-ಡೋಪಾ ಚಿಕಿತ್ಸೆ ಬಂದದ್ದು ಈ ದಾರಿಯಲ್ಲಿ. 2000ದಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಬಂತು.

ಇದೇ ಮೊಲಗಳ ವಿಷಯದಲ್ಲಿ ಒಂದು ತಪ್ಪೂ ಆಯಿತು. ಅಲುಗಾಡದೆ ಕೂತ ಮೊಲವನ್ನು ಖಿನ್ನ ಮನುಷ್ಯನ ಪ್ರತಿರೂಪವೆಂದು ಬಗೆದು, ಈ ರಾಸಾಯನಿಕಗಳು ಬರಿದಾಗುವುದೇ ಖಿನ್ನತೆ ಎಂಬ ಸಿದ್ಧಾಂತ ಕಟ್ಟಿದರು. ಆದರೆ 1955ರಲ್ಲೇ ಲಂಡನ್ನಿನ ಇಬ್ಬರು ವೈದ್ಯರು ಆತಂಕ, ಖಿನ್ನತೆಗಳಿಂದ ಬಳಲುವವರಿಗೆ ರಿಸರ್ಪಿನ್ ಕೊಟ್ಟು, ಅದರಿಂದ ಅವರಿಗೆ ನೆಮ್ಮದಿಯೇ ಸಿಕ್ಕಿತೆಂದು ವರದಿ ಮಾಡಿದ್ದರು. ಆ ವರದಿ ಮೂಲೆಗೆ ಬಿತ್ತು. ಮೊಲ ಚಲನೆಯ ಬಗ್ಗೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಕೇಳಿಸಿಕೊಂಡವರು ಅದನ್ನು ದುಃಖದ ಬಗ್ಗೆ ಕೊಟ್ಟ ಉತ್ತರವೆಂದುಕೊಂಡರು. ಪ್ರಾಣಿ ಪ್ರಯೋಗವನ್ನು ಪೂರ್ತಿ ತಳ್ಳಿಹಾಕುವವರಿಗೂ ಪೂರ್ತಿ ನೆಚ್ಚುವವರಿಗೂ ನಾನು ಕೊಡುವ ಮೊದಲ ಉದಾಹರಣೆ ಇದು.

2. “ಸೆರೊಟೊನಿನ್ ಕೊರತೆಯ ಕಥೆ ಸುಳ್ಳಾಗಿದೆ. ಹಾಗಿದ್ದರೆ ಮಾತ್ರೆಯೂ ಸುಳ್ಳೇ ಅಲ್ಲವೇ?”

ಮೊದಲರ್ಧ ಸರಿ. 2022ರಲ್ಲಿ ಲಂಡನ್ನಿನ ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಸೆರೊಟೊನಿನ್ ಕಡಿಮೆಯಾಗುವುದರಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ ಎಂದರು. ಇದು ನನಗೆ ಆಘಾತ ತರಲಿಲ್ಲ. ಕಥೆ ಅಷ್ಟು ಸರಳವಲ್ಲ ಎಂದು ಇಲಿಗಳು ನಲವತ್ತೈದು ವರ್ಷಗಳಿಂದ ಹೇಳುತ್ತಲೇ ಇದ್ದವು. “ನಿಮ್ಮ ಮಿದುಳಿನಲ್ಲಿ ಕೆಮಿಕಲ್ ಕಡಿಮೆಯಾಗಿದೆ, ಈ ಮಾತ್ರೆ ಅದನ್ನು ತುಂಬುತ್ತದೆ” ಎಂದು ರೋಗಿಗಳಿಗೆ ಹೇಳಿಕೊಂಡು ಬಂದದ್ದು ನಮ್ಮ ವೃತ್ತಿಯ ತಪ್ಪು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಲಿಗಳು ಹೇಳಿದ್ದು ಹೀಗೆ. ಫ್ಲುವಾಕ್ಸೆಟಿನ್‌ನಂಥ ಮಾತ್ರೆ ಸೆರೊಟೊನಿನ್ನಿನ ಮರುಹೀರಿಕೆಯನ್ನು ತಡೆಯುವುದು ಗಂಟೆಗಳೊಳಗೆ. ಮನುಷ್ಯರಿಗೆ ಗುಣ ಕಾಣುವುದು ವಾರಗಳ ಮೇಲೆ. ನಡುವಿನ ದಿನಗಳಲ್ಲಿ ಏನಾಗುತ್ತದೆ? ಕೆನಡಾದಲ್ಲಿ ಬ್ಲಿಯೇ ಮತ್ತು ದ ಮಾಂಟಿಗ್ನಿ 1980ರ ದಶಕದಲ್ಲಿ ಇಲಿಯ ಮಿದುಳಿನ ಕಾಂಡದಲ್ಲಿರುವ ಸೆರೊಟೊನಿನ್ ನರಕೋಶಗಳಿಗೆ ಸೂಕ್ಷ್ಮ ಎಲೆಕ್ಟ್ರೋಡ್ ಹಚ್ಚಿ ಆಲಿಸಿದರು. ಮಾತ್ರೆ ಶುರುವಾದೊಡನೆ ಆ ಕೋಶಗಳ ಮಿಡಿತ ಏರಲಿಲ್ಲ, ಇಳಿಯಿತು. ಸುತ್ತ ಸೆರೊಟೊನಿನ್ ಹೆಚ್ಚಿದ್ದನ್ನು ಕೋಶದ ಮೇಲಿನ ಕಾವಲು ಗ್ರಾಹಿಗಳು ಗುರುತಿಸಿ ಕೆಲಸಕ್ಕೆ ತಡೆ ಹಾಕಿದ್ದವು. ಸುಮಾರು ಎರಡು ವಾರ ಕಳೆದಾಗ ಆ ಕಾವಲು ಮಂದವಾಗಿ, ಮಿಡಿತ ಮೊದಲಿನ ಗತಿಗೆ ಬಂತು. ಅದಕ್ಕೂ ಮೊದಲು, 1975ರಲ್ಲಿ, ವೆಟುಲಾನಿ ಮತ್ತು ಸುಲ್ಸರ್ ಇನ್ನೊಂದು ವಿಚಿತ್ರ ಕಂಡಿದ್ದರು. ದೀರ್ಘಕಾಲ ಔಷಧ ಕೊಟ್ಟ ಇಲಿಗಳ ಮಿದುಳು ನಾರ್‌ಅಡ್ರಿನಲಿನ್ನಿಗೆ ಓಗೊಡುವುದು ಹೆಚ್ಚಲಿಲ್ಲ, ತಗ್ಗಿತು. ಕೊರತೆ ತುಂಬುವ ಸರಳ ಕಥೆಗೆ ಇವೆರಡೂ ಹೊಂದುವುದಿಲ್ಲ.

ಆಮೇಲೆ ಗಮನ ನರಕೋಶಗಳ ಬೆಳವಣಿಗೆಯತ್ತ ಹೊರಳಿತು. ವಾರಗಟ್ಟಲೆ ಔಷಧ ಕೊಟ್ಟ ಇಲಿಗಳ ಹಿಪೊಕ್ಯಾಂಪಸ್ ಭಾಗದಲ್ಲಿ ಹೊಸ ನರಕೋಶಗಳು ಹೆಚ್ಚು ಹುಟ್ಟುತ್ತವೆ ಎಂದು 2000ದಲ್ಲಿ ರೊನಾಲ್ಡ್ ಡುಮನ್ ಅವರ ತಂಡ ತೋರಿಸಿತು. 2003ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುಂಡಿಲಿಗಳ ಅದೇ ಭಾಗಕ್ಕೆ ಎಕ್ಸ್‌ರೇ ಹಾಯಿಸಿ ಹೊಸ ಕೋಶ ಹುಟ್ಟದಂತೆ ಮಾಡಿದರು. ಫ್ಲುವಾಕ್ಸೆಟಿನ್ ಕೊಟ್ಟರೂ, ಹಸಿದ ಆ ಸುಂಡಿಲಿಗಳು ಬೆಳಕು ಚೆಲ್ಲಿದ ಬಯಲಿನ ನಡುವಿನ ಆಹಾರಕ್ಕೆ ಬಾಯಿ ಹಾಕಲು ಮೊದಲಿನಷ್ಟೇ ಹಿಂಜರಿದವು. ಔಷಧದ ಪರಿಣಾಮಗಳೆಲ್ಲ ಹೊಸ ಕೋಶಗಳನ್ನೇ ಅವಲಂಬಿಸಿಲ್ಲ ಎಂದು ಮುಂದಿನ ಅಧ್ಯಯನಗಳು ತಿದ್ದಿದವು. 2021ರಲ್ಲಿ ಹೆಲ್ಸಿಂಕಿಯ ಈರೊ ಕಾಸ್ಟ್ರೆನ್ ತಂಡ, ಹಲವು ಬಗೆಯ ಖಿನ್ನತೆ ಔಷಧಗಳು ನರಕೋಶದ ಬೆಳವಣಿಗೆಗೆ ಬೇಕಾದ ಟ್ರಿಕ್-ಬಿ ಎಂಬ ಗ್ರಾಹಿಗೆ ನೇರವಾಗಿಯೇ ಅಂಟಿಕೊಳ್ಳುತ್ತವೆ ಎಂದಿತು. ಮಾತ್ರೆ ಖಾಲಿ ಕೊಡ ತುಂಬುತ್ತಿಲ್ಲ, ಮಿದುಳು ಹೊಸದನ್ನು ಕಲಿಯಲು ಅನುವು ಮಾಡಿಕೊಡುತ್ತಿದೆ ಎಂಬ ಕಡೆಗೆ ಈ ಪುರಾವೆಗಳು ವಾಲುತ್ತವೆ. ಕೊನೆಯ ಮಾತು ಇನ್ನೂ ಬಂದಿಲ್ಲ.

ಇನ್ನು ಆಕ್ಷೇಪದ ಎರಡನೆಯ ಅರ್ಧ. ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆ ತಪ್ಪಿದರೆ ಕೆಲಸವೇ ಆಗಿಲ್ಲ ಎಂದಾಗುವುದಿಲ್ಲ. ಸರ್ಪಗಂಧ ರಕ್ತದೊತ್ತಡ ಇಳಿಸುವುದನ್ನು ಸೇನ್ ಮತ್ತು ಬೋಸ್ ಕಂಡದ್ದು 1931ರಲ್ಲಿ, ಅದು ನರತುದಿಗಳನ್ನು ಬರಿದುಮಾಡುತ್ತದೆ ಎಂದು ತಿಳಿದದ್ದು 1950ರ ದಶಕದಲ್ಲಿ. ನಡುವೆ ಅದನ್ನು ಸೇವಿಸಿದವರ ರಕ್ತದೊತ್ತಡ ವಿವರಣೆಗಾಗಿ ಕಾದು ಕೂರಲಿಲ್ಲ. ಖಿನ್ನತೆ ಮಾತ್ರೆಗಳ ಪ್ರಯೋಜನವನ್ನು ಅಳೆಯಬೇಕಾದದ್ದು ಮನುಷ್ಯರಲ್ಲೇ. 2018ರಲ್ಲಿ ಆಂಡ್ರಿಯಾ ಸಿಪ್ರಿಯಾನಿ ತಂಡ 522 ಪ್ರಯೋಗಗಳನ್ನು, ಒಟ್ಟು 1,16,477 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಪರಿಶೀಲಿಸಿದ 21 ಔಷಧಗಳೂ ಹುಸಿಮಾತ್ರೆಗಿಂತ ಮೇಲಾಗಿದ್ದವು. ಸರಾಸರಿ ಅಂತರ ಮಾತ್ರ ದೊಡ್ಡದೇನಲ್ಲ. ಕೆಲವರಿಗೆ ಅದು ಬದುಕನ್ನೇ ಮರಳಿಸುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ. ಎರಡನ್ನೂ ಹೇಳಬೇಕು.

3. “ಮಾತ್ರೆ ನರತಂತುಗಳನ್ನು ಸುಡುತ್ತದೆ. ಇಲಿಗಳಲ್ಲಿ ಸಾಬೀತಾಗಿದೆ.”

ಈ ಪತ್ರ ಬರೆದವರು ನೆಚ್ಚಿಕೊಂಡಿರುವ ಅಧ್ಯಯನ 2000ದಲ್ಲಿ ಪ್ರಕಟವಾದದ್ದು. ಫ್ಲುವಾಕ್ಸೆಟಿನ್, ಸರ್ಟ್ರಲಿನ್, ಸಿಬುಟ್ರಮಿನ್, ಡೆಕ್ಸ್‌ಫೆನ್‌ಫ್ಲುರಮಿನ್ ಎಂಬ ನಾಲ್ಕು ಔಷಧಗಳನ್ನು ಇಲಿಗಳಿಗೆ ಕೊಟ್ಟು ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸೆರೊಟೊನಿನ್ ತಂತುಗಳ ತುದಿ ಕೆಲವೆಡೆ ಊದಿಕೊಂಡಿತ್ತು, ತಿರುಪಿನಂತೆ ಸುರುಳಿಗಟ್ಟಿತ್ತು. ಇದು ನಿಜ, ಕಡೆಗಣಿಸುವಂಥದ್ದೂ ಅಲ್ಲ. ಆದರೆ ಪತ್ರದಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ. ಕೊಟ್ಟದ್ದು ಚಿಕಿತ್ಸೆಯ ಪ್ರಮಾಣವನ್ನು ಬಹಳ ಮೀರಿದ ಡೋಸು. ಕೊಟ್ಟದ್ದು ನಾಲ್ಕೇ ದಿನ. ಅತಿ ಪ್ರಮಾಣ ಹಠಾತ್ತನೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿದೆ. ದಿನಕ್ಕೊಂದು ಮಾತ್ರೆ ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಆ ಇಲಿಗಳನ್ನು ಯಾರೂ ಕೇಳಿರಲಿಲ್ಲ.

ಡೋಸಿನ ಲೆಕ್ಕವನ್ನು ಓದುಗರೂ ತಿಳಿದಿರುವುದು ಒಳ್ಳೆಯದು. ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಅಂದಾಜು ಸೂತ್ರ ಕೊಟ್ಟಿದೆ. ಒಂದು ಕಿಲೊ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಇಲಿಗೆ ಕೊಟ್ಟದ್ದನ್ನು 6.2ರಿಂದ, ಸುಂಡಿಲಿಗೆ ಕೊಟ್ಟದ್ದನ್ನು 12.3ರಿಂದ ಭಾಗಿಸಿದರೆ ಮನುಷ್ಯನ ಪ್ರಮಾಣ ಹತ್ತಿರಹತ್ತಿರ ಸಿಗುತ್ತದೆ. ಅರುವತ್ತು ಕಿಲೊ ತೂಕದವರು ನುಂಗುವ 20 ಮಿಲಿಗ್ರಾಂ ಫ್ಲುವಾಕ್ಸೆಟಿನ್ ಇಲಿಯ ಲೆಕ್ಕದಲ್ಲಿ ಕಿಲೊಗೆ ಸುಮಾರು 2 ಮಿಲಿಗ್ರಾಂ. ಈ ಸೂತ್ರಕ್ಕೂ ಮಿತಿಯಿದೆ. ಫ್ಲುವಾಕ್ಸೆಟಿನ್ ಅರ್ಧಕ್ಕಿಳಿಯಲು ಇಲಿಯ ದೇಹದಲ್ಲಿ ಕೆಲವೇ ಗಂಟೆ ಸಾಕು, ನಮ್ಮಲ್ಲಿ ದಿನಗಳೇ ಬೇಕು. ಆದ್ದರಿಂದ ಒಳ್ಳೆಯ ಅಧ್ಯಯನಗಳು ಮಿಲಿಗ್ರಾಂ ಬಿಟ್ಟು ರಕ್ತದಲ್ಲಿರುವ ಔಷಧದ ಮಟ್ಟವನ್ನೇ ಅಳೆದು ಹೋಲಿಸುತ್ತವೆ. ಪ್ರಮಾಣ ಹೇಳದೆ “ಇಲಿಯಲ್ಲಿ ಸಾಬೀತಾಗಿದೆ” ಎಂದಷ್ಟೇ ಹೇಳುವುದು ಉಪ್ಪು ವಿಷ ಎಂದ ಹಾಗೆ. ಎಷ್ಟು ಉಪ್ಪು ಎಂದು ಕೇಳುವ ಹಕ್ಕು ಉಣ್ಣುವವನಿಗಿದೆ.

4. “ಮಕ್ಕಳಿಗೆ ಕೊಡುವ ರಿಟಾಲಿನ್ ಎಂದರೆ ಕೊಕೇನೇ.”

ಈ ಮಾತಿಗೆ ಒಂದು ಆಧಾರವಿದೆ. ರಿಟಾಲಿನ್‌ನಲ್ಲಿರುವ ಮೀಥೈಲ್‌ಫೆನಿಡೇಟ್ ಮತ್ತು ಕೊಕೇನ್ ಎರಡೂ ಡೋಪಮಿನ್ನನ್ನು ಮರಳಿ ಎಳೆದುಕೊಳ್ಳುವ ಒಂದೇ ಪ್ರೋಟೀನಿಗೆ ಅಡ್ಡ ನಿಲ್ಲುತ್ತವೆ. ವ್ಯಸನ ಹಚ್ಚುವ ಮಾದಕಗಳು ಇಲಿಯ ಮಿದುಳಿನ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ ಡೋಪಮಿನ್ ಏರಿಸುತ್ತವೆ ಎಂದು 1988ರಲ್ಲಿ ಇಟಲಿಯ ಡಿ ಕಿಯಾರಾ ಮತ್ತು ಇಂಪೆರಾಟೊ ತೋರಿಸಿದರು. ಓಡಾಡುತ್ತಿರುವ ಇಲಿಯ ಮಿದುಳಿಗೆ ಕೂದಲಿನಂಥ ಕೊಳವೆ ಇಳಿಸಿ, ನಿಮಿಷಗಳ ಅಂತರದಲ್ಲಿ ದ್ರವ ಸಂಗ್ರಹಿಸಿ ಅಳೆಯುವ ವಿಧಾನ ಅದು. ಹೆಚ್ಚಿನ ಪ್ರಮಾಣವನ್ನು ಚುಚ್ಚಿದರೆ ಮೀಥೈಲ್‌ಫೆನಿಡೇಟ್ ಕೂಡ ಇಲ್ಲಿ ಡೋಪಮಿನ್ ಏರಿಸುತ್ತದೆ. ಪುಡಿ ಮಾಡಿ ಮೂಗಿಗೇರಿಸುವವರು, ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರಲು ಗೆಳೆಯನ ಮಾತ್ರೆ ಕೇಳಿ ನುಂಗುವ ವಿದ್ಯಾರ್ಥಿಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮ ದೇಶದಲ್ಲಿ ಈ ಔಷಧ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಹತೋಟಿಯಲ್ಲಿರುವುದು ಸುಮ್ಮನೆ ಅಲ್ಲ.

ಆದರೆ ಒಂದೇ ಬಾಗಿಲಿಗೆ ಅಡ್ಡ ನಿಂತರೆ ಎರಡೂ ಒಂದೇ ಆಗಿಬಿಡುವುದಿಲ್ಲ. ಎಷ್ಟು ಬೇಗ ಅಡ್ಡ ನಿಂತವು ಎಂಬುದು ಇಲ್ಲಿ ದೊಡ್ಡದು. ಬಬೂನುಗಳಲ್ಲೂ ಮನುಷ್ಯರಲ್ಲೂ ಮಿದುಳಿನ ಚಿತ್ರ ತೆಗೆದು ನೋರಾ ವೊಲ್ಕೊವ್ ಮತ್ತು ಸಂಗಡಿಗರು ಇದನ್ನು ಅಳೆದಿದ್ದಾರೆ. ರಕ್ತನಾಳಕ್ಕೆ ಚುಚ್ಚಿದ ಕೊಕೇನ್ ನಾಲ್ಕಾರು ನಿಮಿಷದಲ್ಲಿ ಮಿದುಳನ್ನು ತುಂಬುತ್ತದೆ. ಬಾಯಿಂದ ನುಂಗಿದ ಮೀಥೈಲ್‌ಫೆನಿಡೇಟ್ ಉತ್ತುಂಗಕ್ಕೇರಲು ಒಂದು ಗಂಟೆಯಾದರೂ ಬೇಕು. ಮತ್ತೇರುವುದು ಆ ಹಠಾತ್ ಏರಿಕೆಯಿಂದ. 2006ರಲ್ಲಿ ಕ್ರೇಗ್ ಬೆರಿಜ್ ಮತ್ತು ಸಂಗಡಿಗರು, ಮಕ್ಕಳ ರಕ್ತದಲ್ಲಿ ಕಾಣುವಷ್ಟೇ ಮಟ್ಟ ಬರುವಂತೆ ಇಲಿಗಳಿಗೆ ಕಡಿಮೆ ಡೋಸು ಕೊಟ್ಟು ನೋಡಿದರು. ಡೋಪಮಿನ್, ನಾರ್‌ಅಡ್ರಿನಲಿನ್ ಮುಖ್ಯವಾಗಿ ಏರಿದ್ದು ಗಮನ, ಸಂಯಮಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗದಲ್ಲಿ. ಅಕ್ಯುಂಬೆನ್ಸ್‌ನಲ್ಲಿ ಏರಿಕೆ ಅಲ್ಪ. ಅದೇ ಅಣು, ಬೇರೆ ಡೋಸು, ಮಿದುಳಿನ ಬೇರೆ ಭಾಗ.

ಉತ್ತೇಜಕಗಳಲ್ಲೂ ಒಳಭೇದವಿದೆ. ಮೀಥೈಲ್‌ಫೆನಿಡೇಟ್ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಆಂಫೆಟಮಿನ್ ಒಳಹೊಕ್ಕು, ದಾಸ್ತಾನಿನ ಚೀಲಗಳಿಂದ ಡೋಪಮಿನ್ನನ್ನು ಹೊರಗೆ ಚೆಲ್ಲಿಸುತ್ತದೆ. 2005ರಲ್ಲಿ ಜಾರ್ಜ್ ರಿಕಾರ್ಟೆ ತಂಡ ಬಬೂನುಗಳಿಗೂ ಅಳಿಲುಮಂಗಗಳಿಗೂ ಚಿಕಿತ್ಸೆಯ ಮಟ್ಟಕ್ಕೆ ಹತ್ತಿರವಾಗುವಂತೆ ಆಂಫೆಟಮಿನ್ ಕೊಟ್ಟಾಗ, ಸ್ಟ್ರಯೇಟಮ್ ಭಾಗದ ಡೋಪಮಿನ್ ಶೇ 30ರಿಂದ 50ರಷ್ಟು ಕುಸಿದಿತ್ತು. ಈ ಫಲಿತಾಂಶವನ್ನು ಯಾರೂ ಹಗುರವಾಗಿ ಕಾಣಬಾರದು. ಹಾಗೆಯೇ 2012ರಲ್ಲಿ, ಎಳೆಯ ರೀಸಸ್ ಕೋತಿಗಳಿಗೆ ವರ್ಷದ ಆಸುಪಾಸು ಮೀಥೈಲ್‌ಫೆನಿಡೇಟ್ ಕೊಟ್ಟ ಅಧ್ಯಯನಗಳು ಡೋಪಮಿನ್ ವ್ಯವಸ್ಥೆಯಲ್ಲಿ ಉಳಿಯುವಂಥ ಹಾನಿ ಕಾಣಲಿಲ್ಲ ಎಂದವು. ಅದನ್ನೂ ಮರೆಮಾಚಬಾರದು. ನಮ್ಮ ಮಕ್ಕಳಿಗೆ ಎಡಿಎಚ್‌ಡಿಗೆಂದು ಬರೆದುಕೊಡುವ ಉತ್ತೇಜಕ ಸಾಮಾನ್ಯವಾಗಿ ಮೀಥೈಲ್‌ಫೆನಿಡೇಟ್.

ವಿರೋಧಿಗಳು ಹೇಳದ, ಆದರೆ ನಾನೇ ಹೇಳಬೇಕಾದ ಇನ್ನೊಂದು ವಿಷಯವಿದೆ. ಎಳೆಯ ವಯಸ್ಸಿನಲ್ಲಿ ಮೀಥೈಲ್‌ಫೆನಿಡೇಟ್ ಪಡೆದ ಆರೋಗ್ಯವಂತ ಇಲಿಗಳು ದೊಡ್ಡವಾದ ಮೇಲೆ ಕೊಕೇನಿಗೆ ಕಡಿಮೆ ಒಲಿದವು, ಆದರೆ ಒತ್ತಡದಲ್ಲಿ ಬೇಗ ಕೈಚೆಲ್ಲಿದವು ಎಂದು 2003ರಲ್ಲಿ ವಿಲಿಯಂ ಕಾರ್ಲೆಜಾನ್ ತಂಡ ವರದಿ ಮಾಡಿತು. ಆ ಇಲಿಗಳಿಗೆ ಎಡಿಎಚ್‌ಡಿ ಇರಲಿಲ್ಲ. ಕಾಯಿಲೆ ಇಲ್ಲದ ಮಗುವಿಗೆ ಮಾತ್ರೆ ಕೊಡುವುದು ನಿರಪಾಯವಲ್ಲ ಎಂದು ನಾನು ಇದರಿಂದ ಅರ್ಥಮಾಡಿಕೊಳ್ಳುತ್ತೇನೆ. ತರಗತಿಯಲ್ಲಿ ತುಂಟತನ ಮಾಡುವ ಹುಡುಗನನ್ನು ಐದು ನಿಮಿಷ ನೋಡಿ ಮಾತ್ರೆ ಬರೆಯಬಾರದು. ನಿಜವಾಗಿ ಕಾಯಿಲೆಯಿರುವ, ಓದಲಾಗದೆ ದಿನವೂ ಬೈಸಿಕೊಂಡು ಅಳುತ್ತ ಮನೆಗೆ ಬರುವ ಮಗುವಿನ ಕೈಯಿಂದ ಅದೇ ಮಾತ್ರೆ ಕಸಿದುಕೊಳ್ಳಲೂಬಾರದು.

5. “ಇಲಿಯನ್ನು ನೀರಿಗೆ ಹಾಕಿ ಮುಳುಗಿಸುವುದು ವಿಜ್ಞಾನವೇ?”

ಈ ಆಕ್ಷೇಪದ ಮುಂದೆ ನಾನು ತಲೆಬಾಗುತ್ತೇನೆ. 1977ರಲ್ಲಿ ರೋಜರ್ ಪೋರ್ಸೋಲ್ಟ್ ರೂಪಿಸಿದ ಈಜು ಪರೀಕ್ಷೆಯಲ್ಲಿ ಹತ್ತಲಾಗದ ಗಾಜಿನ ಪಾತ್ರೆಯ ನೀರಿಗೆ ಇಲಿಯನ್ನು ಬಿಡುತ್ತಾರೆ. ಮೊದಲು ಒದ್ದಾಡಿ, ಆಮೇಲೆ ಮೂಗಷ್ಟೇ ಮೇಲಿಟ್ಟು ತೇಲುತ್ತ ನಿಂತುಬಿಡುವ ಅದರ ನಿಶ್ಚಲತೆಯನ್ನು ನಿಮಿಷಗಳಲ್ಲಿ ಅಳೆಯುತ್ತಾರೆ. ಇಲಿ ಮುಳುಗುವ ಮೊದಲೇ ಎತ್ತಿ, ಒರೆಸಿ, ಬೆಚ್ಚಗಿಡುತ್ತಾರೆ ಎಂಬುದು ನಿಜ. ಅದು ನೋಡುವವನ ಮನಸ್ಸನ್ನು ಹಗುರ ಮಾಡುವುದಿಲ್ಲ. ನಾನೂ ನೋಡಿದ್ದೇನೆ.

ಈ ಪರೀಕ್ಷೆಗೆ ‘ಹತಾಶೆ’ ಎಂಬ ಹೆಸರು ಕೊಟ್ಟದ್ದು ಇನ್ನೊಂದು ತಪ್ಪು. ತೇಲುವ ಇಲಿ ಕೈಚೆಲ್ಲಿ ಕೂತಿದೆಯೋ, ಒದ್ದಾಡಿ ಫಲವಿಲ್ಲವೆಂದು ಕಲಿತು ಶಕ್ತಿ ಉಳಿಸಿಕೊಳ್ಳುತ್ತಿದೆಯೋ ಎಂಬ ಚರ್ಚೆ ಇಂದಿಗೂ ನಡೆದಿದೆ. ಔಷಧದ ಒಂದೆರಡು ಡೋಸಿಗೇ ಫಲಿತಾಂಶ ಬದಲಾಗುತ್ತದೆ, ಮನುಷ್ಯರಿಗೆ ವಾರಗಳು ಬೇಕು. ಸೆರೊಟೊನಿನ್ ಮೇಲೆ ಕೆಲಸ ಮಾಡುವ ಔಷಧಗಳನ್ನು ಇದರ ಮೊದಲ ರೂಪ ಸರಿಯಾಗಿ ಗುರುತಿಸುತ್ತಲೂ ಇರಲಿಲ್ಲ. 1990ರ ದಶಕದಲ್ಲಿ ಇರ್ವಿನ್ ಲಕಿ ಮತ್ತು ಸಂಗಡಿಗರು ಈಜುವುದು, ಗೋಡೆ ಹತ್ತಲೆತ್ನಿಸುವುದು ಎಂದು ಚಲನೆಗಳನ್ನು ಬೇರೆಬೇರೆಯಾಗಿ ಎಣಿಸತೊಡಗಿದ ಮೇಲಷ್ಟೇ ಅವು ಸಿಕ್ಕಿದವು. ಹಲವು ದೊಡ್ಡ ಔಷಧ ಕಂಪನಿಗಳು ಇಂದು ಈ ಪರೀಕ್ಷೆಯನ್ನು ಕೈಬಿಟ್ಟಿವೆ. ಹಾಗೆ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಆದರೆ ಈ ಒಂದು ಪರೀಕ್ಷೆ ಬಿದ್ದರೆ ಎಲ್ಲವೂ ಬೀಳುವುದಿಲ್ಲ. ಪಾಲ್ ವಿಲ್ನರ್ 1980ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಒದ್ದೆ ಹಾಸು, ಓರೆಯಾದ ಪಂಜರ, ಅದಲುಬದಲಾದ ಹಗಲುರಾತ್ರಿ, ಹೀಗೆ ಸಣ್ಣಸಣ್ಣ ಕಿರಿಕಿರಿಗಳನ್ನು ವಾರಗಟ್ಟಲೆ ಒಡ್ಡಿದಾಗ ಇಲಿಗಳಿಗೆ ಸಕ್ಕರೆ ನೀರಿನ ಮೇಲಿನ ಆಸೆಯೇ ಬತ್ತುತ್ತದೆ. ಖಿನ್ನತೆ ಔಷಧ ಕೊಟ್ಟರೆ ಅದು ಮರಳುತ್ತದೆ, ಆದರೆ ಮೂರುನಾಲ್ಕು ವಾರಗಳ ಮೇಲೆ. ಈ ಕಾಲಾವಧಿ ನಮ್ಮ ರೋಗಿಗಳ ಕಾಲಾವಧಿಗೆ ಹೊಂದುತ್ತದೆ. ಬೆಂಗಳೂರಿನಲ್ಲೂ ಮಹತ್ವದ ಕೆಲಸ ನಡೆಯಿತು. 2002ರಲ್ಲಿ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು, ದಿನಕ್ಕೆರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದ ಇಲಿಗಳಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾಗುವುದನ್ನೂ ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಕವಲುಗಳು ಬೆಳೆಯುವುದನ್ನೂ ಕಂಡರು. ಒತ್ತಡ ಮಿದುಳನ್ನು ಎಲ್ಲೆಡೆ ಒಂದೇ ಸಮ ಕುಗ್ಗಿಸುವುದಿಲ್ಲ, ನೆನಪಿನ ಜಾಗವನ್ನು ಬಡವಾಗಿಸಿ ಭಯದ ಜಾಗವನ್ನು ಬೆಳೆಸುತ್ತದೆ ಎಂಬ ಈ ತಿಳಿವಳಿಕೆ ಯಾವ ರಕ್ತಪರೀಕ್ಷೆಯಿಂದಲೂ ಸಿಗುತ್ತಿರಲಿಲ್ಲ. ಇಲ್ಲಿಯೂ ಇಲಿಗಳು ಸಂಕಟಪಟ್ಟಿವೆ. ಅದಕ್ಕೇ ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಬೇರೆ ದಾರಿಯಿದ್ದರೆ ಪ್ರಾಣಿ ಬಳಸಕೂಡದು, ಬಳಸಿದರೆ ಕಡಿಮೆ ಸಂಖ್ಯೆ, ಕಡಿಮೆ ನೋವು. ಒಬ್ಬರು ಪಡೆದ ಉತ್ತರಕ್ಕಾಗಿ ಇನ್ನೊಬ್ಬರು ಅದೇ ಪ್ರಯೋಗವನ್ನು ಅಶ್ರದ್ಧೆಯಿಂದ ಮತ್ತೆ ಮಾಡುವುದು ಅಪರಾಧಕ್ಕೆ ಸಮ ಎಂದೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

6. “ಇದನ್ನೆಲ್ಲ ಜನರ ಮುಂದೆ ಇಡಬಾರದಿತ್ತು.”

ಇದು ವೈದ್ಯರ ಆಕ್ಷೇಪ. ಅದರ ಹಿಂದಿನ ಆತಂಕ ನನಗೆ ಗೊತ್ತು. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದಲೇ ಹೊರಗಿದ್ದಾರೆ. ಕಷ್ಟಪಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಿದವರನ್ನು ಹೆದರಿಸಿ ಕಳಿಸುವಂತಾಗಬಾರದು, ನಿಜ.

ಆದರೆ ಮುಚ್ಚಿಟ್ಟ ಸಂಗತಿ ಅಡ್ಡದಾರಿಯಲ್ಲಿ, ವಾಟ್ಸ್ಆ್ಯಪ್ ಸಂದೇಶವಾಗಿ, ಪ್ರಮಾಣವೂ ವಯಸ್ಸೂ ಕಳಚಿಹೋಗಿ ಮನೆ ಸೇರುತ್ತದೆ. ಒಂದು ಉದಾಹರಣೆ. 2004ರಲ್ಲಿ ಮಾರ್ಕ್ ಆನ್ಸೋರ್ಜ್ ಮತ್ತು ಸಂಗಡಿಗರು ಹುಟ್ಟಿದ ನಾಲ್ಕನೆಯ ದಿನದಿಂದ ಇಪ್ಪತ್ತೊಂದನೆಯ ದಿನದವರೆಗೆ ಸುಂಡಿಲಿಗಳಿಗೆ ಫ್ಲುವಾಕ್ಸೆಟಿನ್ ಕೊಟ್ಟರು. ದೊಡ್ಡವಾದ ಮೇಲೆ ಆ ಸುಂಡಿಲಿಗಳು ಅಂಜುಬುರುಕವಾಗಿದ್ದವು, ಒತ್ತಡದಿಂದ ತಪ್ಪಿಸಿಕೊಳ್ಳಲು ಹಿಂಜರಿದವು. ವಯಸ್ಕ ಮಿದುಳಿಗೆ ನೆರವಾಗುವ ಅಣು ಕಟ್ಟಡದ ಹಂತದಲ್ಲಿರುವ ಮಿದುಳಿನಲ್ಲಿ ಬೇರೆಯೇ ಪರಿಣಾಮ ಮಾಡಬಲ್ಲದು. ಅದೇ ವರ್ಷ ಎಫ್‌ಡಿಎ, ಮಕ್ಕಳಲ್ಲೂ ಹದಿಹರೆಯದವರಲ್ಲೂ ಈ ಮಾತ್ರೆಗಳಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಕಪ್ಪುಚೌಕದ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಆ ಎಚ್ಚರಿಕೆಯನ್ನು 24 ವಯಸ್ಸಿನವರೆಗೆ ವಿಸ್ತರಿಸಿತು. ಅದಕ್ಕೆ ಆಧಾರ ಮನುಷ್ಯರ ಮೇಲಿನ ಪ್ರಯೋಗಗಳು, ಸುಂಡಿಲಿಗಳಲ್ಲ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಮಗುವಿನ ಮೇಲೆ ಕಣ್ಣಿಡಬೇಕು ಎಂಬುದನ್ನು ತಂದೆತಾಯಿಗೆ ಹೇಳದೆ ಇಟ್ಟರೆ ಕಣ್ಣಿಡುವವರು ಯಾರು? ಬಸುರಿಯಾದವಳು ಮಾತ್ರೆಯ ಬಗ್ಗೆ ಕೇಳಿದರೆ, ಈ ಸುಂಡಿಲಿಗಳ ವಿಷಯವನ್ನೂ ಚಿಕಿತ್ಸೆಯಿಲ್ಲದ ಖಿನ್ನತೆ ತಾಯಿಗೂ ಕೂಸಿಗೂ ಒಡ್ಡುವ ಅಪಾಯವನ್ನೂ ಜೊತೆಯಾಗಿಟ್ಟು ಮಾತಾಡಬೇಕಾದವರು ವೈದ್ಯರೇ. ರೋಗಿಯನ್ನು ನಂಬಿ ಪೂರ್ತಿ ಹೇಳಿದರೆ ರೋಗಿಯೂ ನಮ್ಮನ್ನು ನಂಬುತ್ತಾನೆ.

7. “ಮಿದುಳು ಮಾತ್ರೆಗೆ ಒಗ್ಗಿಹೋಗುತ್ತದೆ. ಆದ್ದರಿಂದ ಇಂದೇ ನಿಲ್ಲಿಸಿ.”

ಬಂದ ಪತ್ರಗಳಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಇದು. ಇದರ ಮೊದಲ ವಾಕ್ಯ ಸತ್ಯ. ಎರಡನೆಯದು ಅಪಾಯ.

ವಾರಗಟ್ಟಲೆ ಮಾತ್ರೆ ಪಡೆದ ಇಲಿಯ ಮಿದುಳಿನಲ್ಲಿ ಕಾವಲು ಗ್ರಾಹಿಗಳು ಮಂದವಾಗುತ್ತವೆ ಎಂದು ಮೇಲೆ ಹೇಳಿದೆ. ಮನುಷ್ಯರಲ್ಲೂ ಇಂಥ ಹೊಂದಾಣಿಕೆ ನಡೆಯುತ್ತದೆ ಎಂದು ನಂಬಲು ಕಾರಣಗಳಿವೆ. ಹೀಗೆ ಹೊಂದಿಕೊಂಡ ಮಿದುಳಿನಿಂದ ಮಾತ್ರೆಯನ್ನು ಒಮ್ಮೆಲೇ ಕಿತ್ತುಕೊಂಡರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಝುಮ್ಮೆನ್ನುವಿಕೆ, ತಡೆಯಲಾಗದ ತಳಮಳ ಬರಬಹುದು. ದೇಹದಿಂದ ಬೇಗ ಹೊರಬೀಳುವ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಹೆಚ್ಚು, ನಿಧಾನವಾಗಿ ಇಳಿಯುವ ಫ್ಲುವಾಕ್ಸೆಟಿನ್‌ನಲ್ಲಿ ಕಡಿಮೆ. ಇದು ಹಳೆಯ ಕಾಯಿಲೆ ಮರುಕಳಿಸಿದ್ದೆಂದು ತಪ್ಪಾಗಿ ತಿಳಿಯುವುದೂ ಉಂಟು. ಈ ತೊಂದರೆ ಕೆಲವರಿಗೆ ತೀವ್ರವಾಗಿ, ದೀರ್ಘವಾಗಿ ಕಾಡುತ್ತದೆ ಎಂದು ರೋಗಿಗಳು ವರ್ಷಗಟ್ಟಲೆ ಹೇಳಿದರೂ ನಾವು ಕಿವಿಗೊಡಲಿಲ್ಲ. ಬ್ರಿಟನ್ನಿನ ಮನೋವೈದ್ಯರ ಸಂಘ ತನ್ನ ನಿಲುವು ತಿದ್ದಿಕೊಂಡದ್ದು 2019ರಲ್ಲಿ. ಈ ತಡಕ್ಕೆ ವೈದ್ಯರು ಕ್ಷಮೆ ಕೇಳಬೇಕು.

ಆದರೆ ಮಿದುಳು ಒಗ್ಗಿದೆ ಎಂಬುದೇ ನಿಮ್ಮ ವಾದವಾದರೆ, ಅದರಿಂದ ಹೊರಡುವ ತೀರ್ಮಾನ ಇಂದೇ ನಿಲ್ಲಿಸಿ ಎಂಬುದಲ್ಲ, ನಿಧಾನವಾಗಿ ಇಳಿಸಿ ಎಂಬುದು. ವಾರಗಳಲ್ಲಿ ಕಟ್ಟಿಕೊಂಡದ್ದನ್ನು ಬಿಚ್ಚಿಕೊಳ್ಳಲು ಮಿದುಳಿಗೆ ವಾರಗಳೋ ತಿಂಗಳುಗಳೋ ಬೇಕು. ಇಳಿಸಬೇಕೆ, ಯಾವಾಗ, ಎಷ್ಟೆಷ್ಟು ಎಂಬುದನ್ನು ವೈದ್ಯರೊಂದಿಗೆ ಕೂತು ನಿರ್ಧರಿಸಬೇಕು. ಇಲಿಯ ಹೆಸರು ಹೇಳಿ ಯಾರನ್ನಾದರೂ ಒಂದೇ ದಿನಕ್ಕೆ ಮಾತ್ರೆ ಬಿಡಿಸುವವರು ಆ ಇಲಿ ಹೇಳಿದ್ದರ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದಾರೆ.

ಈಗ ಒಂದೇ ಸಾಲು ಬರೆದ ಆ ತಾಯಿಗೆ.

ಅಮ್ಮ, ಇಲಿಯ ಸುದ್ದಿ ಇನ್ನು ಮುಂದೆಯೂ ನಿಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಬಿದ್ದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳಿ. ಆ ಇಲಿಯ ವಯಸ್ಸೆಷ್ಟು, ಎಳೆಯದೋ ಬಲಿತದ್ದೋ? ಕೊಟ್ಟ ಡೋಸು ಎಷ್ಟು, ನುಂಗಿಸಿದರೋ ಚುಚ್ಚಿದರೋ? ಎಷ್ಟು ದಿನ ಕೊಟ್ಟರು? ಅದು ಒತ್ತಡದಲ್ಲಿದ್ದ ಇಲಿಯೋ, ಏನೂ ಆಗಿರದ ಇಲಿಯೋ? ಈ ನಾಲ್ಕಕ್ಕೂ ಉತ್ತರ ಕೊಡದವರು ಮಾತ್ರೆಯ ಪರವಿರಲಿ, ವಿರುದ್ಧವಿರಲಿ, ಅವರ ಮಾತಿಗೆ ಹೆದರಬೇಡಿ, ಹಿಗ್ಗಲೂಬೇಡಿ.

ಇನ್ನು ನಿಮ್ಮ ಮಗಳು. ಅವಳ ವಯಸ್ಸು, ಮಾತ್ರೆಯ ಹೆಸರು, ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾಳೆ ಎಂಬುದೊಂದೂ ನಿಮ್ಮ ಪತ್ರದಲ್ಲಿಲ್ಲ, ಹಾಗಾಗಿ ಅವಳ ಗತಿಯನ್ನು ನಾನು ಹೇಳಲಾರೆ. ನನ್ನ ಇಲಿಗಳೂ ಹೇಳಲಾರವು. ನಿದ್ದೆ ಮರಳಿದೆಯೇ, ಊಟ ರುಚಿಸುತ್ತಿದೆಯೇ, ಗೆಳತಿಯರ ಜೊತೆ ಮತ್ತೆ ಮಾತಾಡುತ್ತಿದ್ದಾಳೆಯೇ, ಅಥವಾ ಮಾತ್ರೆ ಶುರುವಾದ ಮೇಲೆ ಕಳವಳ ಹೆಚ್ಚಿದೆಯೇ ಎಂದು ದಿನವೂ ನೋಡುತ್ತಿರುವವರು ನೀವು. ನೋಡಿದ್ದನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಮುಂದಿನ ಸಲ ಹೋಗುವಾಗ ಅದನ್ನು ವೈದ್ಯರ ಮುಂದಿಟ್ಟು, ಸಮಾಧಾನವಾಗುವವರೆಗೂ ಕೇಳಿ. ಅವಳಲ್ಲಿ ಏನಾದರೂ ತೀರಾ ಬದಲಾದಂತೆ ಕಂಡರೆ ಮುಂದಿನ ಸಲಕ್ಕೆ ಕಾಯದೆ ಅಂದೇ ಹೋಗಿ. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.